ಮೂರನೇ ಗಾಜು

ಗೋಡೆ ಕಟ್ಟುವವರ ಮುಂದೆ, ಪುಸ್ತಕ ಹೊಲಿಯುವವರ ಮುಂದೆ ಈ ಕತೆ ಹೇಳಲು ನನಗೆ ಸ್ವಲ್ಪ ಅಂಜಿಕೆ. ಅವರ ಕೆಲಸ ನನಗೆ ಕೇಳಿ ಗೊತ್ತು, ಮಾಡಿ ಗೊತ್ತಿಲ್ಲ. ತಪ್ಪಿದ್ದರೆ ಮನ್ನಿಸಬೇಕು.

“ಇದೂ ಹೋಯ್ತು,” ಅಂದ ಪೆನ್ಸಿಲ್. ಸಣಕಲು ಹುಡುಗ, ಇಡೀ ಕ್ಲಾಸು ಅವನನ್ನು ಹಾಗೇ ಕರೆಯುತ್ತಿತ್ತು.

ಯಾಕಮ್ಮ ಓಡಿಬಂದಳು. ಗೋಡೆಯ ಬಿರುಕಿಗೆ ಅಡ್ಡಲಾಗಿ ಕೂರಿಸಿದ್ದ ಗಾಜಿನ ಪಟ್ಟಿ ನಟ್ಟನಡುವೆ ಒಡೆದಿತ್ತು.

“ಯಾಕೆ ಒಡೀತು?” ಬಾಯಿ ಬಿಟ್ಟರೆ ‘ಯಾಕೆ’ ಅನ್ನುತ್ತಿದ್ದಳು. ಅದಕ್ಕೇ ಅವಳಿಗೆ ಆ ಹೆಸರು.

“ಗೋಡೆ ಅಲುಗಿದೆ, ಅದಕ್ಕೆ. ಗಾಜು ಸುಳ್ಳು ಹೇಳಲ್ಲ ಅಂತಾರೆ ನಮ್ಮಪ್ಪ.” ಪೆನ್ಸಿಲ್‌ನ ಅಪ್ಪ ಗಾರೆ ಮೇಸ್ತ್ರಿ.

ಅದು ಊರಿನ ಅತಿ ಹಳೆಯ ಮನೆ. ಊರಿನ ಮೊದಲ ಶಾಲೆ ನಡೆದದ್ದು ಅಲ್ಲೇ. ಈಗ ಮುಂದಿನ ಹಾಲಿನಲ್ಲಿ ಲೈಬ್ರರಿ. ಬಿರುಕುಬಿಟ್ಟ ಗೋಡೆಯಾಚೆ ಯಾಕಮ್ಮನ ಅಜ್ಜ ಪುಸ್ತಕ ಬೈಂಡ್ ಮಾಡುವ ಕೋಣೆ. ತಿಂಗಳ ಹಿಂದೆ ಪಂಚಾಯ್ತಿ ಕಚೇರಿಯಿಂದ ಪತ್ರ ಬಂದಿತ್ತು: ಗೋಡೆ ಸರಿಯುತ್ತಿದ್ದರೆ ಮನೆ ಕೆಡವಬೇಕು.

ಮಧ್ಯಾಹ್ನ ಆ ಕಚೇರಿಯ ಇಂಜಿನಿಯರ್ ಮೇಡಂ ಬಂದು ಹೊಸ ಗಾಜು ಕೂರಿಸಿದರು. “ಇದು ಮೂರನೇದು. ಸೋಮವಾರ ಬರ್ತೀನಿ. ಇದೂ ಒಡೆದಿದ್ರೆ ನಾನೇನೂ ಮಾಡೋಕಾಗಲ್ಲ.”

ಅವರು ಹೋದ ಮೇಲೆ ಪೆನ್ಸಿಲ್ ರಸ್ತೆ ಕಡೆ ನೋಡಿದ. “ಎಲ್ಲಾ ಈ ಲಾರಿಗಳ ಕೆಲಸ.”

“ಅಂತೀಯ? ನೋಡೇ ಬಿಡೋಣ.”

ಯಾಕಮ್ಮ ತನ್ನ ಟಿಫಿನ್ ಬಾಕ್ಸ್ ತೊಳೆದು, ನೀರು ತುಂಬಿ ಗೋಡೆಯ ಗೂಡಿನಲ್ಲಿಟ್ಟಳು. ಇಬ್ಬರೂ ಕಣ್ಣು ಮಿಟುಕಿಸದೆ ಕೂತರು. ಒಂದು ಲಾರಿ ಹೋಯಿತು. ನೀರು ಅಲ್ಲಾಡಲಿಲ್ಲ. ಇನ್ನೊಂದು ಹೋಯಿತು.

“ನೀರಿಗೆ ನಿದ್ದೆ ಬಂದಿದೆ,” ಅಂದ ಪೆನ್ಸಿಲ್. “ನನಗೂ ಬರ್ತಿದೆ.”

ಆಗ ನೀರಿನಲ್ಲಿ ಒಂದು ಉಂಗುರ ಎದ್ದಿತು. ಮತ್ತೊಂದು. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಟಕ್. ಉಂಗುರ. ಟಕ್. ಉಂಗುರ.

ಯಾಕಮ್ಮ ತೊಟ್ಟಿಲಲ್ಲೇ ಕೇಳಿದ ಸದ್ದು ಅದು. ಹೊಲಿದ ಪುಸ್ತಕದ ಬೆನ್ನು ದುಂಡಗಾಗಲಿ ಎಂದು ಅಜ್ಜ ಸುತ್ತಿಗೆಯಿಂದ ಬಡಿಯುತ್ತಿದ್ದ.

“ನಿಮ್ಮಜ್ಜನ ಮೇಜು ಮೊದಲು ಆಚೆ ಮೂಲೇಲಿತ್ತಲ್ವಾ?” ಪೆನ್ಸಿಲ್ ಪಿಸುಗುಟ್ಟಿದ.

“ಪತ್ರ ಬಂದ ದಿನ ಈ ಗೋಡೆಗೆ ತಾಗಿಸಿ ಹಾಕ್ಕೊಂಡ. ಕಿಟಕಿ ಬೆಳಕು ಬೀಳುತ್ತೆ ಅಂತ. ಮನೆ ಹೋಗೋದ್ರೊಳಗೆ ಹಳೇ ಪುಸ್ತಕ ಎಲ್ಲಾ ಮುಗಿಸಬೇಕಂತೆ.” ಅವಳು ಬಾಕ್ಸನ್ನು ಅವನ ಕಡೆ ಸರಿಸಿದಳು. “ನೀನೇ ಹೇಳೋ.”

“ನಿಮ್ಮಜ್ಜ. ನೀನೇ ಹೇಳು.”

ಅವಳು ಬಾಕ್ಸ್ ಹಿಡಿದು ಒಳಗೆ ಹೋದಳು. ಪೆನ್ಸಿಲ್ ಹಿಂದೆಯೇ ಹೋದ. ಅಜ್ಜ ಕನ್ನಡಕದ ಮೇಲಿಂದ ನೋಡಿದ. “ಬಾ ಯಾಕಮ್ಮ. ಇವತ್ತು ಯಾವ ಯಾಕೆ?”

ಅವಳು ಬಾಕ್ಸನ್ನು ಆ ಕಡೆಯ ಗೂಡಿನಲ್ಲಿಟ್ಟಳು. “ಅಜ್ಜ, ಈ ನೀರು ನೋಡ್ತಾ ಒಂದು ಪೆಟ್ಟು ಹೊಡಿ.”

ಅಜ್ಜ ಹೊಡೆದ. ನೋಡಿದ. ಮೆಲ್ಲಗೆ ಇನ್ನೊಂದು ಹೊಡೆದ. ಆಮೇಲೆ ಸುತ್ತಿಗೆಯನ್ನು ಮೊಟ್ಟೆ ಇಡುವ ಹಾಗೆ ಬಟ್ಟೆಯ ಮೇಲಿಟ್ಟ.

“ಎರಡು ಗಾಜೂ ನಾನೇ ಒಡೆದದ್ದಾ?”

ಇಲ್ಲ ಅನ್ನಬೇಕು ಅನ್ನಿಸಿತು ಅವಳಿಗೆ. ಆದರೂ ಹೌದೆಂದು ತಲೆಯಾಡಿಸಿದಳು.

ಅಜ್ಜ ಎದ್ದು ನಿಂತ. “ಮೇಜಿನ ಆ ಕಡೆ ಹಿಡೀರಿ. ಎಳೀಬೇಡಿ, ಎತ್ತಿ.”

ಮೂವರೂ ಸೇರಿ ಮೇಜನ್ನು ಕತ್ತಲೆ ಮೂಲೆಗೆ ಸಾಗಿಸಿದರು.

ಸೋಮವಾರ ಗಾಜು ಇದ್ದ ಹಾಗೇ ಇತ್ತು. ಮೇಡಂ ಬೆರಳಾಡಿಸಿ ನೋಡಿದರು. “ಮೊದಲೆರಡು ಯಾಕೆ ಒಡೆದ್ವು ಹಾಗಾದ್ರೆ?”

ಪೆನ್ಸಿಲ್ ಯಾಕಮ್ಮನನ್ನು ನೋಡಿದ. ಯಾಕಮ್ಮ ನೆಲ ನೋಡಿದಳು.

“ನನ್ನ ಸುತ್ತಿಗೆ, ಮೇಡಂ,” ಬಾಗಿಲಲ್ಲಿ ನಿಂತು ಅಜ್ಜನೇ ಹೇಳಿದ. “ಈ ಮಕ್ಕಳು ಕಂಡುಹಿಡಿದ್ರು.”

ಮೇಡಂ ಕೋಣೆಯನ್ನೂ ಮೇಜನ್ನೂ ನೋಡಿದರು. ಇನ್ನೊಂದು ತಿಂಗಳು ಕಾದು, ಗಾಜು ಒಡೆಯದ್ದನ್ನು ನೋಡಿ, ಕೊನೆಗೆ ‘ಕೆಡವುವುದು ಬೇಡ, ರಿಪೇರಿ ಸಾಕು’ ಎಂದು ಬರೆದರು.

ಆ ಸಂಜೆಯೂ ಅಜ್ಜ ಮೂಲೆಯಲ್ಲಿ ಕೂತು ಬಡಿಯುತ್ತಿದ್ದ. ಗೋಡೆ ದೂರವಿತ್ತು. ಆದರೂ ಪೆಟ್ಟು ಮಲಗಿದ ಮಗುವನ್ನು ತಟ್ಟುವಷ್ಟು ಹಗುರ. ಯಾಕಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು. ಯಾಕೆ ಅಂತ ಕೇಳಲಿಲ್ಲ.

ಇಷ್ಟಾದರೂ, ಆ ಬಿರುಕು ಮೊದಲಿಗೆ ಬಂದದ್ದು ಯಾಕೆ? ಮೇಸ್ತ್ರಿ ಒಂದು ಹೇಳುತ್ತಾರೆ, ಮೇಡಂ ಇನ್ನೊಂದು. ನನಗೂ ಗೊತ್ತಿಲ್ಲ.