ಸೊನ್ನೆಗಳ ರಿಜಿಸ್ಟರ್

ಬೀರುವಿನ ಬೀಗ ಒಡೆದಿರಲಿಲ್ಲ. ಬಾಗಿಲು ಮಾತ್ರ ಹಾರುಹೊಡೆದಿತ್ತು. ಒಳಗಿದ್ದ ರಿಜಿಸ್ಟರ್ ಮಾಯ!

ಅಣ್ವಸ್ತ್ರ ವಿರೋಧಿ ವೇದಿಕೆಯ ಸಂಶೋಧಕಿ ಕಚೇರಿಯ ನೆಲದ ಮೇಲೇ ಕೂತು ಅತ್ತಳು. ಬಾಂಬ್ ಕಾರ್ಖಾನೆಯ ಕೂಲಿಗಳ ಮೈಗೆ ಎಷ್ಟು ವಿಕಿರಣ ತಗುಲಿತೆಂದು ಬರೆದಿಟ್ಟ ಪುಸ್ತಕ ಅದು. ನಲವತ್ತೆರಡು ಹೆಸರು, ಎಲ್ಲದರ ಮುಂದೂ ಸೊನ್ನೆ. ಅವರಲ್ಲಿ ಇಪ್ಪತ್ತೇಳು ಜನ ರಕ್ತದ ಕ್ಯಾನ್ಸರಿಗೆ ಬಲಿಯಾಗಿದ್ದರು, ಅವಳ ಅಪ್ಪನೂ ಸೇರಿ. ಆ ಸುಳ್ಳು ಸೊನ್ನೆಗಳ ಕೆಳಗಿದ್ದ ಗೀಚು ಸಹಿ ಯಾರದು? ಹನ್ನೊಂದು ಗಂಟೆಗೆ ತನಿಖಾ ಆಯೋಗದ ಕೈಬರಹ ತಜ್ಞ ಅದನ್ನು ಪರೀಕ್ಷಿಸುವವನಿದ್ದ. ನಕಲು ನಡೆಯದು, ಮೂಲವೇ ಬೇಕು. ಇಲ್ಲದಿದ್ದರೆ ಕೇಸು ಅಲ್ಲಿಗೇ ಮುಕ್ತಾಯ.

ಮಹಡಿಯ ಮನೆಯಿಂದ ನಿವೃತ್ತ ಇನ್ಸ್‌ಪೆಕ್ಟರಮ್ಮ ಇಳಿದು ಬಂದರು.

"ಅಳೋದು ಆಮೇಲೆ. ಕೀಲಿ ಯಾರ್ಯಾರ ಹತ್ರ ಇದೆ?"

ಅವಳನ್ನು ಬಿಟ್ಟರೆ ಮೂವರ ಬಳಿ — ಟೈಪಿಸ್ಟ್, ಕಸ ಗುಡಿಸುವಾಕೆ, ದೊಡ್ಡಪ್ಪ. ಮೂವರೂ ಅಲ್ಲೇ ನಿಂತಿದ್ದರು. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿ ಬೆಳೆಸಿದವನು ಈ ದೊಡ್ಡಪ್ಪ. ಹಳೇ ಶಾಲಾ ಗುಮಾಸ್ತ ಎಂದೇ ಎಲ್ಲರಿಗೂ ಗೊತ್ತು. ಪ್ರತಿ ಮೆರವಣಿಗೆಯಲ್ಲೂ ಬ್ಯಾನರಿನ ಒಂದು ಕೋಲು ಅವನದೇ.

"ನೀನು ಏನೂ ಮುಟ್ಟಬೇಡ. ಮೊದಲು ಕೈ ತೊಳ್ಕೋ ಹೋಗು," ಎಂದ ದೊಡ್ಡಪ್ಪ. ತಿಂಗಳಿಂದ ಅವನ ಬಾಯಲ್ಲಿ ಇದೊಂದೇ ಮಾತು. ಟೈಪಿಸ್ಟ್ ಅವನಿಗೆ ಸೋಪಪ್ಪ ಎಂದೇ ಹೆಸರಿಟ್ಟಿದ್ದ.

"ನಿನ್ನೆ ಕೊನೇಲಿ ಹೋದವರು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನಾನೇ," ಎಂದ ಟೈಪಿಸ್ಟ್. "ಆಗ ಬೀರು ಮುಚ್ಚಿತ್ತು. ಯಾಕೆ, ನನ್ನ ಮೇಲೇ ಅನುಮಾನಾನಾ?"

"ಎಲ್ಲರ ಮೇಲೂ."

"ನನ್ನ ಗ್ಲೌಸೂ ಕಾಣಿಸ್ತಿಲ್ಲ," ಕಸ ಗುಡಿಸುವಾಕೆ ಗೊಣಗಿದಳು. "ಗೂಟಕ್ಕೆ ನೇತುಹಾಕಿದ್ದೆ."

ಇನ್ಸ್‌ಪೆಕ್ಟರಮ್ಮ ಕಸದ ಬುಟ್ಟಿಯನ್ನು ಬೋರಲು ಹಾಕಿದರು. ಗ್ಲೌಸು ಉಂಡೆಯಾಗಿ ಉರುಳಿತು — ಒಳಮೈ ಹೊರಗಾಗಿ, ಒಂದರ ಹೊಟ್ಟೆಯೊಳಗೆ ಇನ್ನೊಂದು.

"ಹೊಸ ಗ್ಲೌಸಿದ್ರೆ ತಗೊಂಡ್ ಬಾ. ಒಬ್ಬೊಬ್ಬರೇ ಹಾಕ್ಕೊಂಡು ತೆಗೀರಿ."

"ಇದೇನು ಮಕ್ಕಳಾಟ?" ಎನ್ನುತ್ತಲೇ ಟೈಪಿಸ್ಟ್ ಒಂದೊಂದೇ ಬೆರಳು ಹಿಡಿದು ಎಳೆದ. ಕಸ ಗುಡಿಸುವಾಕೆ ಜಗ್ಗಿ ತೆಗೆದು ಕೊಡವಿದಳು. ದೊಡ್ಡಪ್ಪನ ಗಮನವೆಲ್ಲ ಸಾಕುಮಗಳ ಕಣ್ಣೀರಿನ ಮೇಲಿತ್ತು. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು. ಮಣಿಕಟ್ಟಿನ ಬಳಿ ಚಿವುಟಿ ಒಂದನ್ನು ಸುಲಿದ, ಮುಷ್ಟಿಯಲ್ಲಿ ಹಿಡಿದ, ಬರಿ ಬೆರಳನ್ನು ಇನ್ನೊಂದರ ಒಳಗೆ ತೂರಿಸಿ ಅದನ್ನೂ ಮೊದಲನೆಯದರ ಮೇಲೇ ಮಗುಚಿದ. ಹೊರಮೈಗೆ ಚರ್ಮ ಸೋಕಲೇ ಇಲ್ಲ.

"ಶಾಲೇಲಿ ಇದನ್ನ ಯಾರು ಕಲಿಸ್ತಾರೆ?" ಇನ್ಸ್‌ಪೆಕ್ಟರಮ್ಮನ ದನಿ ತಗ್ಗಿತು. "ಗ್ಲೌಸಿಗೆ ಅಂಟಿದ ಧೂಳು ಕೊಲ್ಲುತ್ತೆ ಅನ್ನೋ ಜಾಗದಲ್ಲಿ ಕಲಿಸ್ತಾರೆ. ಕಳ್ಳನಿಗೆ ಬೆರಳಚ್ಚಿನ ಭಯ ಇರಲಿಲ್ಲ. ಆ ಪುಸ್ತಕಕ್ಕೆ ಅಂಟಿದ ವಿಕಿರಣದ ಧೂಳಿನದೇ ಭಯ. ಸಹಿ ನಿಮ್ಮದೇ ಅಲ್ವಾ, ಯಜಮಾನರೇ?"

ದೊಡ್ಡಪ್ಪ ಚೀಲದಿಂದ ಪ್ಲಾಸ್ಟಿಕ್ ಸುತ್ತಿದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟ.

"ಸುಡೋಕೆ ಹೋದೆ. ನಿಮ್ಮಪ್ಪನ ಹೆಸರು ಕಾಣಿಸ್ತು. ಆಗಲಿಲ್ಲ."

ಸಂಶೋಧಕಿ ಎದ್ದು ನಿಂತಳು.

"ಅಪ್ಪನ ಮುಂದಿನ ಸೊನ್ನೇನೂ ನೀನೇ ಬರೆದದ್ದಾ? ನಿನ್ನ ಸ್ವಂತ ತಮ್ಮ ಅವನು."

"ಶಾಲೆ ಸೇರೋಕೆ ಮುಂಚೆ ನಾನೂ ಅದೇ ಕಾರ್ಖಾನೇಲಿದ್ದೆ. ಬರೀದಿದ್ರೆ ಇಬ್ಬರ ಕೆಲಸಾನೂ ಹೋಗ್ತಿತ್ತು."

ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು.

"ತಿಂಗಳಿಂದ ಅದನ್ನ ಬರಿಗೈಲಿ ತಿರುವ್ತಿದ್ದೆ. ನೀನು ಎದುರಿಗೇ ಕೂತಿದ್ದೆ."

"ದಿನಾ ಹೇಳ್ತಿದ್ನಲ್ಲಮ್ಮ," ಎಂದ ದೊಡ್ಡಪ್ಪ, "ಕೈ ತೊಳ್ಕೋ ಅಂತ."

ಕಸ ಗುಡಿಸುವಾಕೆ ಇನ್ನೊಂದು ಹೊಸ ಜೊತೆ ಗ್ಲೌಸ್ ಬಿಚ್ಚಿ ಸಂಶೋಧಕಿಯ ಕೈಗಿತ್ತಳು. ಅವಳು ಹಾಕಿಕೊಂಡು ರಿಜಿಸ್ಟರ್ ಎತ್ತಿಕೊಂಡಳು.

"ಹನ್ನೊಂದಕ್ಕೆ ಅಲ್ಲಿರಬೇಕು. ನೀನೂ ನಡಿ."