ನಲವತ್ತೊಂದನೇ ವಸ್ತು

ಕ್ರೀಈಈಚ್!

ಸುಷ್ಮಾಳ ಸೈಕಲ್ಲಿನ ಬ್ರೇಕು ಹೀಗೆ ಕಿರುಚಿತೆಂದರೆ ದೊಡ್ಡಕೆರೆ ಮೈದಾನದ ಕಾಗೆಗಳೆಲ್ಲ ಒಟ್ಟಿಗೆ ಹಾರುತ್ತವೆ. ಹಿಂದೆ ಬರುತ್ತಿದ್ದ ಟಾಂಗಾದವನು ಬೆಚ್ಚಿಬಿದ್ದು ಲಗಾಮು ಜಗ್ಗಿದ.

“ಏ ಮಗಾ! ಹಿಂಗಾ ನಿಲ್ಸೋದು? ಕಣ್ಣೆಲ್ಲಿಟ್ಟಿದ್ದೀಯಾ?”

“ಸಾರಿ ಅಂಕಲ್! ರೋಡ್ ಮೇಲೇ ಇಟ್ಟಿದ್ದೀನಿ!”

ಪಾಪ, ಅವಳು ಸುಳ್ಳು ಹೇಳಲಿಲ್ಲ. ಸಿದ್ಧಾರ್ಥನಗರದ ಮನೆಯಿಂದ ಚಾಮರಾಜಪುರಂನ ಸ್ಕೂಲಿನ ತನಕ ಸುಷ್ಮಾಳ ಕಣ್ಣು ರೋಡು ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಆರನೇ ಕ್ಲಾಸಿಗೆ ಬಂದ ಮೇಲೆ ಅತ್ತೆಯ ಹಳೇ ನೀಲಿ ಸೈಕಲ್ ಅವಳದಾಯಿತು. ಅವತ್ತಿನಿಂದ ಇದೇ ಕೆಲಸ. ರೋಡಿನಲ್ಲಿ ಬಿದ್ದದ್ದನ್ನು ನೋಡುವುದು, ಇಳಿಯುವುದು, ಎತ್ತಿಕೊಳ್ಳುವುದು. ಏನೇನು ಸಿಕ್ಕಿಲ್ಲ ಅವಳಿಗೆ! ಟಾಂಗಾ ಕುದುರೆಯ ಲಾಳ, ಟೇಪೆಲ್ಲ ಕರುಳಿನ ಹಾಗೆ ಹೊರಗೆ ಬಂದಿದ್ದ ಕ್ಯಾಸೆಟ್, ಒಂದು ಕಾಲಿನ ಗೆಜ್ಜೆ, ಯಾರದೋ ಮದುವೆ ಪೇಟ. ಚಪ್ಪಲಿಯಂತೂ ಕೇಳಲೇಬೇಡಿ. ಜನ ಒಂದೊಂದೇ ಚಪ್ಪಲಿ ಹೇಗೆ ಬೀಳಿಸಿಕೊಂಡು ಹೋಗುತ್ತಾರೋ, ಆ ದೇವರಿಗೇ ಗೊತ್ತು.

ಈಗ ಅವಳು ಇಳಿದು ರಸ್ತೆ ಬದಿಯ ಮರದ ಬುಡಕ್ಕೆ ಓಡಿದಳು. ಒಣಗಿದ ಎಲೆಗಳ ನಡುವೆ ಏನೋ ಫಳ್ ಎಂದಿತ್ತು. ಎಲೆ ಸರಿಸಿದಳು. ಬೆಳ್ಳಿಯದು. ಕೋಳಿಮೊಟ್ಟೆಯ ಆಕಾರ, ನಿಂಬೆಹಣ್ಣಿನಷ್ಟು ದೊಡ್ಡದು. ಎರಡೂ ತುದಿಗೆ ಕೆಂಪು ಉಲ್ಲನ್ ದಾರ ಕಟ್ಟಿತ್ತು. ಗಂಟು ಬಿಚ್ಚಿಹೋಗಿತ್ತು.

“ಅಯ್ಯಯ್ಯೋ! ಕರಡಿಗೆ!”

ಅವಳ ಅಜ್ಜಿ ಗಿರಿಜಾಂಬಾ ಅವರ ಕೊರಳಲ್ಲೂ ಇಂಥದ್ದೇ ಒಂದು ಇದೆ. ಒಳಗೆ ಇಷ್ಟಲಿಂಗ. ದಿನಾ ಸ್ನಾನ ಆದ ಮೇಲೆ ಅಜ್ಜಿ ಅದನ್ನು ತೆಗೆದು, ಎಡಗೈ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡುತ್ತಾರೆ. ಆಮೇಲೆಯೇ ತಿಂಡಿ. ಪೂಜೆ ಮುಗಿಸಿ ಮೊಮ್ಮಗಳ ಹಣೆಗೂ ಮೂರು ಬೆರಳು ವಿಭೂತಿ ಎಳೆಯುತ್ತಾರೆ. ಮೊಮ್ಮಗಳು ಬೀದಿ ಕೊನೆಯಲ್ಲಿ ಸೈಕಲ್ ನಿಲ್ಲಿಸಿ, ಕರ್ಚೀಫಿನಲ್ಲಿ ಅದನ್ನು ಒರೆಸಿಕೊಂಡೇ ಮುಂದೆ ಹೋಗುವುದು. ಕ್ಲಾಸಿನವರು ‘ಝೀಬ್ರಾ’ ಅನ್ನುತ್ತಾರಲ್ಲ, ಅದಕ್ಕೆ.

ಸುಷ್ಮಾ ವಾಚ್ ನೋಡಿದಳು. ಏಳೂವರೆ. ಶನಿವಾರ ಎಂಟಕ್ಕೇ ಬೆಲ್. ರಸ್ತೆಯಲ್ಲಿ ಹುಡುಕುವವರು ಯಾರೂ ಕಾಣಲಿಲ್ಲ.

ಆಗಲೇ ಅವಳ ತಲೆಯೊಳಗೆ ಇನ್ನೊಂದು ಬಲ್ಬು ಹತ್ತಿತು. ಇವತ್ತು ತಿಂಗಳ ಕೊನೇ ಶನಿವಾರ! ಕಾಂಪಿಟಿಶನ್!

ಈ ಕಾಂಪಿಟಿಶನ್ ಶುರು ಮಾಡಿದ್ದು ಅವಳೂ ಅವಳ ಕ್ಲಾಸಿನ ವಿಶ್ರುತನೂ. ಸ್ಕೂಲಿನಿಂದ ಎರಡು ಬೀದಿ ಆಚೆ ವಿಶ್ರುತನ ಮನೆ. ಅಲ್ಲಿನ ಜಗುಲಿ ಮೇಲೆ ‘ರೋಡಿನಲ್ಲಿ ಸಿಕ್ಕಿದ್ದು’ ಅಂತ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅದರಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರ್, ಮೂರು ಕಾಲಂ. ಏನು, ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ. ಮೂರನೇ ಕಾಲಮ್ಮಿನಲ್ಲಿ ಉದ್ದಕ್ಕೂ ‘ಡಬ್ಬದಲ್ಲಿ’, ‘ಡಬ್ಬದಲ್ಲಿ’ ಅಂತಲೇ ಇದೆ. ತಿಂಗಳ ಕೊನೇ ಶನಿವಾರ ಹನ್ನೆರಡಕ್ಕೆ ವಿಶ್ರುತನ ತಾತ ವೆಂಕಟಸುಬ್ಬಯ್ಯನವರು ಕನ್ನಡಕ ಹಾಕಿಕೊಂಡು ಬಂದು ಮಾರ್ಕ್ಸ್ ಕೊಡುತ್ತಾರೆ. ಗೆದ್ದವರ ಸೈಕಲ್ಲಿಗೆ ಒಂದು ತಿಂಗಳು ತಾತನ ಕಾಲದ ಹಿತ್ತಾಳೆ ಬೆಲ್. ಅದನ್ನು ಒತ್ತಿದರೆ ಬಸ್ಸಿನವರೂ ದಾರಿ ಬಿಡಬೇಕು, ಅಂಥ ಬೆಲ್.

ಆ ಬೆಲ್ ಮೂರು ತಿಂಗಳಿಂದ ವಿಶ್ರುತನ ಸೈಕಲ್ಲಿನಲ್ಲೇ ಇತ್ತು. ಸಾಲದ್ದಕ್ಕೆ ಅವಳಿಗೆ ‘ಚಪ್ಪಲಿ ರಾಣಿ’ ಅಂತ ಹೆಸರು ಬೇರೆ. ಈ ಸಲವಂತೂ ಅವನಿಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಹಲ್ಲುಸೆಟ್ಟು ಸಿಕ್ಕಿತ್ತು! ಗುಲಾಬಿ ಬಣ್ಣದ ವಸಡು, ಎರಡು ಸಾಲು ಹಲ್ಲು, ಪೂರಾ ಸೆಟ್ಟು. ಅದನ್ನು ಮೀರಿಸುವಂಥದ್ದು ಮೈಸೂರಿನಲ್ಲೇ ಇಲ್ಲ ಅಂತ ಗುರುವಾರದಿಂದ ಕುಣಿಯುತ್ತಿದ್ದ.

ಸುಷ್ಮಾ ಅಂಗೈಯಲ್ಲಿದ್ದ ಬೆಳ್ಳಿಯನ್ನು ನೋಡಿದಳು. ಇದಕ್ಕೆ ಹತ್ತಕ್ಕೆ ಹತ್ತು, ಡೌಟೇ ಇಲ್ಲ.

‘ಮುಚ್ಚಳ ತೆಗೆಯೋದಿಲ್ಲಪ್ಪ. ಹನ್ನೆರಡಕ್ಕೆ ಸುಮ್ನೆ ತೋರಿಸೋದು. ಆಮೇಲೆ ಅಜ್ಜಿಗೆ ಕೊಟ್ರೆ ಯಾರದು ಅಂತ ಅವರೇ ಹುಡುಕ್ತಾರೆ’ ಅಂತ ತನಗೆ ತಾನೇ ಹೇಳಿಕೊಂಡಳು. ಕರಡಿಗೆಯನ್ನು ಹೊಸ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ಮೇಲಿನ ಜಿಪ್ಪಿನೊಳಗೆ ಇಟ್ಟಳು. ಸೈಕಲ್ ಹತ್ತಿದಳು.

ಇಂಟರ್‌ವಲ್‌ನಲ್ಲಿ ಟಿಫನ್ ಬಾಕ್ಸ್ ತೆಗೆದಾಗ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವಳಿಗೆ ಪ್ರಾಣ. ಒಂದು ತುಂಡು ಮುರಿದು ಬಾಯಿಗಿಟ್ಟಳು. ಅಷ್ಟೇ, ಗಂಟಲಲ್ಲಿ ಇಳಿಯಲೇ ಇಲ್ಲ.

ಅಜ್ಜಿ ನೆನಪಾಗಿದ್ದರು.

ಎರಡು ವರ್ಷದ ಹಿಂದೆ ಅಜ್ಜಿಯ ಕರಡಿಗೆಯೂ ಒಂದು ದಿನ ಕಾಣೆಯಾಗಿತ್ತು. ದಾರ ಕಿತ್ತುಹೋಗಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಅಜ್ಜಿ ತಿಂಡಿ ಬೇಡ ಅಂದರು. ಊಟ ಬೇಡ ಅಂದರು. ಅಮ್ಮ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ಗೋಗರೆದರೆ, “ಲಿಂಗ ಮೈಮೇಲೆ ಇಲ್ದೆ ನೀರೂ ಮುಟ್ಟೋಳಲ್ಲ ಕಣಮ್ಮ, ಬಲವಂತ ಮಾಡ್ಬೇಡ” ಅಂದು ಗೋಡೆಗೆ ಒರಗಿ ಕೂತುಬಿಟ್ಟರು. ಸಂಜೆ ಅಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಅಜ್ಜಿಯ ತುಟಿ ಒಣಗಿ ಬೆಳ್ಳಗಾಗಿತ್ತು.

“ಯಾಕೇ, ತಿನ್ನಲ್ವಾ? ಬೇಡ್ದಿದ್ರೆ ನಂಗ್ಕೊಡು” ಅಂದಳು ಪಕ್ಕದಲ್ಲಿದ್ದ ಶರಣ್ಯಾ.

ಸುಷ್ಮಾ ಬಾಕ್ಸನ್ನೇ ಅವಳ ಕಡೆಗೆ ತಳ್ಳಿದಳು. ಈ ಊರಲ್ಲಿ ಈಗ ಯಾರೋ ತಿಂಡಿ ತಿಂದಿಲ್ಲ, ನೀರೂ ಕುಡಿದಿಲ್ಲ. ಅವರ ತಿಂಡಿ ಇವಳ ಬ್ಯಾಗಿನ ಜಿಪ್ಪಿನೊಳಗಿದೆ. ಓಡಿಹೋಗೋಣವೆಂದರೆ ಹನ್ನೊಂದೂವರೆ ತನಕ ಗೇಟಿಗೆ ಬೀಗ. ಮುಂದಿನ ಪೀರಿಯಡ್‌ನಲ್ಲಿ ಮಿಸ್ ಏನು ಪಾಠ ಮಾಡಿದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಬೆಲ್ ಹೊಡೆದದ್ದೇ ತಡ, ಸೈಕಲ್ ಸ್ಟ್ಯಾಂಡಿನಲ್ಲಿ ವಿಶ್ರುತ ಹಲ್ಲು ಕಿರಿದು ನಿಂತಿದ್ದ. ಅವನ ಸ್ವಂತ ಹಲ್ಲು.

“ಏನ್ ತಂದಿದ್ದೀಯ? ಎಡಗಾಲಿಂದಾ, ಬಲಗಾಲಿಂದಾ?”

“ನೀನು ನಡಿ. ಒಂಚೂರು ಕೆಲ್ಸ ಇದೆ, ಬರ್ತೀನಿ.”

“ಹನ್ನೆರಡು ಅಂದ್ರೆ ಹನ್ನೆರಡು ಕಣೇ! ತಾತ ಒಂದು ನಿಮಿಷ ಕಾಯಲ್ಲ.”

ಸರ್ಕಲ್ಲಿಗೆ ಬಂದಾಗ ಸುಷ್ಮಾಳ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು. ಎಡಕ್ಕೆ ಹೋದರೆ ವಿಶ್ರುತನ ಮನೆ. ಐದೇ ನಿಮಿಷ. ಬಲಕ್ಕೆ ಹೋದರೆ ದೊಡ್ಡಕೆರೆ ಮೈದಾನ. ಮೊದಲು ತೋರಿಸಿಬಿಟ್ಟು ಆಮೇಲೆ ಹೋದರೆ? ಆದರೆ ತಾತ ಪ್ರತಿ ವಸ್ತುವನ್ನೂ ತಿರುಗಿಸಿ ಮುರುಗಿಸಿ ನೋಡಿ ಮುಗಿಸುವ ಹೊತ್ತಿಗೆ ಹನ್ನೆರಡೂವರೆ. ಹಿತ್ತಾಳೆ ಬೆಲ್ ಕಣ್ಣ ಮುಂದೆ ಒಂದು ಸಲ ಮಿಂಚಿತು. ಹೊಟ್ಟೆ ಉರಿಯಿತು. ಹೌದು, ಉರಿಯಿತು, ಯಾಕೆ ಸುಳ್ಳು ಹೇಳಬೇಕು.

ಸುಷ್ಮಾ ಬಲಕ್ಕೆ ತಿರುಗಿಸಿದಳು.

ಆ ಮರದ ಕೆಳಗೆ ಯಾರೂ ಇರಲಿಲ್ಲ. ಅವಳು ಸ್ಟ್ಯಾಂಡ್ ಹಾಕಿ ಕಲ್ಲಿನ ಮೇಲೆ ಕೂತಳು. ಇಷ್ಟು ದಿನ ರೋಡು ನೋಡಿದ್ದಕ್ಕೆ ಅವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ದೊಡ್ಡ ವಸ್ತು ಕಳೆದುಕೊಂಡವರು ಎಲ್ಲರನ್ನೂ ಕೇಳುತ್ತ ಓಡಾಡುತ್ತಾರೆ. ಚಿಕ್ಕದು ಕಳೆದುಕೊಂಡವರು ಹಾಗಲ್ಲ. ಸೈಕಲ್ ಇದ್ದರೂ ಹತ್ತುವುದಿಲ್ಲ, ತಳ್ಳಿಕೊಂಡೇ ಬರುತ್ತಾರೆ. ರಾಂಗ್ ಸೈಡಿನಲ್ಲಿ ಬರುತ್ತಾರೆ. ಹಾರ್ನ್ ಹೊಡೆದರೂ ತಲೆ ಎತ್ತುವುದಿಲ್ಲ.

ಹನ್ನೊಂದು ಐವತ್ತು. ಹನ್ನೊಂದು ಐವತ್ತೈದು. ಆಟೋ, ಸ್ಕೂಟರ್, ಇನ್ನೊಂದು ಟಾಂಗಾ. ಹನ್ನೆರಡು.

‘ಹೋಯ್ತು ಬೆಲ್ಲು’ ಅಂದುಕೊಂಡಳು.

ಹನ್ನೆರಡೂ ಐದಕ್ಕೆ ದೂರದಲ್ಲಿ ಒಬ್ಬರು ಅಜ್ಜ ಕಂಡರು. ಬಿಳೀ ಪಂಚೆ, ಬಿಳೀ ಶರ್ಟು. ಸೈಕಲ್ ಕ್ಯಾರಿಯರ್ ಮೇಲೆ ಊದಿನಕಡ್ಡಿಯ ದೊಡ್ಡ ಕಟ್ಟು. ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದರು. ರಾಂಗ್ ಸೈಡು. ತಲೆ ಬಗ್ಗಿಸಿಯೇ ಇದ್ದರು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಎದೆಯ ಮೇಲೆ.

ಸುಷ್ಮಾ ಸೈಕಲ್ ಅಲ್ಲೇ ಬಿಟ್ಟಳು. ಎದ್ದು ಓಡಿದಳು.

“ಅಜ್ಜಾ, ಏನ್ ಕಳ್ಕೊಂಡ್ರಿ?”

ಅಜ್ಜ ತಲೆ ಎತ್ತಿದರು. ಅವರ ತುಟಿ ಒಣಗಿ ಬೆಳ್ಳಗಾಗಿತ್ತು. ಎದೆಯ ಮೇಲಿದ್ದ ಕೈ ಸುಮ್ಮನೆ ಶರ್ಟನ್ನು ಹಿಡಿದುಕೊಂಡಿತು.

ಕೊಟ್ಟುಬಿಡೋಣ ಅನ್ನಿಸಿತು. ಆದರೆ ಬೆಳ್ಳಿ ವಸ್ತು, ಸುಮ್ಮನೆ ಕೊಡುವುದು ಸರಿಯಲ್ಲ ಅಂತಲೂ ಅನ್ನಿಸಿತು.

“ದಾರ ಯಾವ ಬಣ್ಣ ಹೇಳಿ ಅಜ್ಜ.”

“ಕೆಂಪು ಕಣಮ್ಮ, ಉಲ್ಲನ್ದು!” ಅಜ್ಜನ ದನಿ ಒಡೆಯಿತು. “ಬಿಳೀ ಶಿವದಾರ ಸವೆದೋಗಿತ್ತು. ನನ್ ಮೊಮ್ಮಗಳು ಕ್ರಾಫ್ಟ್ ಕ್ಲಾಸಿಂದ ತಂದು, ತಾತಾ ನಾನೇ ಕಟ್ತೀನಿ ಅಂತ ಕಟ್ಟಿದ್ಲು. ಏಳು ವರ್ಷದ ಮಗು. ಬೇಡ ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಈ ಕಟ್ಟು ಎತ್ತಿ ಇಳ್ಸೋವಾಗ ಜಾರೋಗ್ಬುಟ್ಟದೆ. ಆರು ಗಂಟೆಯಿಂದ ಈ ರಸ್ತೆ ನಾಲ್ಕು ಸಲ ಅಳ್ದೆ. ಮನೇಗೆ ಹೋಗಿ ಹೇಳೋದಾದ್ರೂ ಎಂಗೆ? ನನ್ ಗಂಟಿಂದ ಇಂಗಾಯ್ತು ಅಂತ ಅತ್ತೂ ಅತ್ತೂ ಸಾಯ್ತದೆ ಅದು.”

ಸುಷ್ಮಾ ಜಿಪ್ ಎಳೆದು, ಕರ್ಚೀಫ್ ಬಿಚ್ಚಿದಳು.

ಅಜ್ಜ ಎರಡೂ ಕೈ ಚಾಚಿದರು. ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸೈಕಲ್ ಪಕ್ಕಕ್ಕೆ ವಾಲಿತು, ಸುಷ್ಮಾ ಹಿಡಿದುಕೊಂಡಳು. ಊದಿನಕಡ್ಡಿಯ ಕಟ್ಟು ಘಮ್ ಅನ್ನುತ್ತಿತ್ತು.

“ಅಜ್ಜ...” ಅವಳು ಸೈಕಲ್ ಹ್ಯಾಂಡಲ್ಲನ್ನೇ ನೋಡುತ್ತ ಹೇಳಿದಳು. “ಏಳೂವರೆಗೇ ಸಿಕ್ಕಿತ್ತು. ನಾನು ಸ್ಕೂಲಿಗೆ ತಗೊಂಡೋಗ್ಬುಟ್ಟೆ. ಒಬ್ರಿಗೆ ತೋರಿಸ್ಬೇಕು ಅಂತ. ತಪ್ಪಾಯ್ತು.”

ಅಜ್ಜ ಕರಡಿಗೆಯನ್ನು ಕಣ್ಣಿಂದ ಕೆಳಗಿಳಿಸಿದರು.

“ಏಳೂವರೆಗೆ ನಾನು ಆ ತುದೀಲಿದ್ದೆ. ಒಂದತ್ತು ನಿಮಿಷ ನಿಂತಿದ್ರೆ ಸಿಕ್ತಿದ್ದೆ” ಅಂದರು. ಆಮೇಲೆ ಮೆತ್ತಗೆ, “ತೋರಿಸಿದ್ಯಾ ಅವ್ರಿಗೆ?”

“ಇಲ್ಲ. ಸೀದಾ ಇಲ್ಲಿಗೇ ಬಂದೆ.”

“ನೀರಿದ್ಯಾ ತಾಯಿ?”

ಬಾಟಲ್ ಪೂರ್ತಿ ತುಂಬಿಯೇ ಇತ್ತು. ಅವಳೂ ಬೆಳಿಗ್ಗೆಯಿಂದ ಕುಡಿದಿರಲಿಲ್ಲ. ಅಜ್ಜ ಕೈಕಾಲು ತೊಳೆದು ಮರದ ನೆರಳಲ್ಲಿ ಟವಲ್ ಹಾಸಿ ಕೂತರು. ಲಿಂಗವನ್ನು ತೊಳೆದು, ಜೇಬಿನಲ್ಲಿದ್ದ ವಿಭೂತಿ ಹಚ್ಚಿ, ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಬಸ್ಸು, ಆಟೋ ಎಲ್ಲ ಪಕ್ಕದಲ್ಲೇ ಹೋಗುತ್ತಿದ್ದವು. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಪೂಜೆ ಮುಗಿದ ಮೇಲೆ ಬಾಟಲ್ ಎತ್ತಿ ಗಟಗಟನೆ ಕುಡಿದರು. ಗಂಟಲಮಣಿ ಮೇಲೆ ಕೆಳಗೆ ಆಡುವುದನ್ನು ಸುಷ್ಮಾ ನೋಡುತ್ತಲೇ ನಿಂತಳು. ಅವಳಿಗೂ ಗಂಟಲು ತಂಪಾದ ಹಾಗಾಯಿತು.

“ಅಜ್ಜ, ದಾರ ಇದೇ ಇರ್ಲಿ. ಗಂಟು ಮಾತ್ರ ನಾನು ಹಾಕ್ಕೊಡ್ತೀನಿ. ನಮ್ಮಜ್ಜಿ ಕಲ್ಸಿದ್ದಾರೆ, ಎಳೆದಷ್ಟೂ ಗಟ್ಟಿ.”

ಅಜ್ಜ ನಕ್ಕರು. “ಕೆಂಪು ದಾರವೇ ಇರ್ಬೇಕು. ನಾನು ಮನೇಗೆ ಹೋದ್ ತಕ್ಷಣ ಮೊಮ್ಮಗಳು ನೋಡ್ತಾಳೆ.”

ಸುಷ್ಮಾ ಗಂಟು ಬಿಗಿದುಕೊಟ್ಟಳು. ಹೊರಡುವ ಮುಂಚೆ ಅಜ್ಜ ತಮ್ಮ ಹೆಸರು ಚನ್ನಬಸವಯ್ಯ ಅಂದರು. ಅಂಗಡಿಗಳಿಗೆ ಊದಿನಕಡ್ಡಿ ಹಾಕುವುದು ಅವರ ಕೆಲಸ. ಅವಳ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಸೈಕಲ್ ಹತ್ತಿ ಹೋದರು. ಈ ಸಲ ಸರಿಯಾದ ಸೈಡಿನಲ್ಲಿ.

ಸುಷ್ಮಾ ವಿಶ್ರುತನ ಮನೆ ಮುಟ್ಟುವಾಗ ಹನ್ನೆರಡೂ ಮುಕ್ಕಾಲು. ಜಗುಲಿ ಮೇಲೆ ಸ್ಟೀಲ್ ತಟ್ಟೆಯಲ್ಲಿ ಹಲ್ಲುಸೆಟ್ಟು ರಾಜನ ಹಾಗೆ ಕೂತಿತ್ತು.

“ಲೇಟು! ತಾತ ಹತ್ತಕ್ಕೆ ಒಂಬತ್ತು ಕೊಟ್ಟು ಊಟಕ್ಕೆ ಹೋದ್ರು. ಬೆಲ್ ನಂದೇ!” ವಿಶ್ರುತ ಎದ್ದು ನಿಂತ. ಅವಳ ಬರಿಗೈ ನೋಡಿದ. ಹಣೆ ನೋಡಿದ. “ಏನೇ ಇದು, ಒರೆಸ್ಕೊಂಡಿಲ್ಲ?”

“ಇಲ್ಲ” ಅಂದಳು ಸುಷ್ಮಾ. “ಪೆನ್ ಕೊಡು.”

ನೋಟ್‌ಬುಕ್ ಎಳೆದುಕೊಂಡು ಬರೆದಳು. ನಲವತ್ತೊಂದು. ಕರಡಿಗೆ. ದೊಡ್ಡಕೆರೆ ಮೈದಾನದ ಪಕ್ಕ, ಮರದ ಕೆಳಗೆ. ಮೂರನೇ ಕಾಲಮ್ಮಿಗೆ ಬಂದಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಒಂದೊಂದೇ ಅಕ್ಷರವನ್ನು ದುಂಡಗೆ ಬರೆದಳು: ‘ಚನ್ನಬಸವಯ್ಯನವರ ಕೊರಳಲ್ಲಿ.’

ವಿಶ್ರುತ ಬಗ್ಗಿ ಓದಿದ. “ಹಂಗಂದ್ರೆ?”

ಅವಳು ಎಲ್ಲ ಹೇಳಿದಳು. ಅಕ್ಕಿರೊಟ್ಟಿ, ಸರ್ಕಲ್ಲು, ಒಣಗಿದ ತುಟಿ, ಖಾಲಿಯಾದ ಬಾಟಲು. ಸ್ಕೂಲಿಗೆ ತೆಗೆದುಕೊಂಡು ಹೋದದ್ದನ್ನೂ ಮುಚ್ಚಿಡಲಿಲ್ಲ. ವಿಶ್ರುತ ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ. ಇದು ಅವನ ಜೀವನದಲ್ಲೇ ಮೊದಲು.

ಒಳಗಿನಿಂದ ತಾತ ಸಾರನ್ನ ಸೊರ್ ಎಂದು ಉಣ್ಣುವ ಸದ್ದು ಬರುತ್ತಿತ್ತು. ವಿಶ್ರುತ ತಟ್ಟೆಯಲ್ಲಿದ್ದ ಹಲ್ಲುಸೆಟ್ಟನ್ನು ನೋಡಿದ. ನೋಡುತ್ತಲೇ ಇದ್ದ.

“ಸುಷ್ಮಾ.”

“ಹ್ಞೂಂ?”

“ಇದು ಗುರುವಾರ ಸಿಕ್ಕಿದ್ದು ಕಣೇ.” ಅವನ ದನಿ ಸಣ್ಣಗಾಗಿತ್ತು. “ಇವತ್ತು ಶನಿವಾರ. ಅವ್ರು... ಮೂರು ದಿನದಿಂದ ಏನ್ ತಿಂತಿರ್ತಾರೆ?”

ಸುಷ್ಮಾ ಪೆನ್ನನ್ನು ಅವನ ಕೈಗೆ ಕೊಟ್ಟಳು. ಅವನು ಹಲ್ಲುಸೆಟ್ಟಿನ ಸಾಲು ಹುಡುಕಿ, ಕೊನೆಯಲ್ಲಿದ್ದ ‘ಡಬ್ಬದಲ್ಲಿ’ಯನ್ನು ಹೊಡೆದುಹಾಕಿದ. ಅಲ್ಲಿ ಏನೂ ಬರೆಯಲಿಲ್ಲ, ಜಾಗ ಬಿಟ್ಟ.

“ಕೆರೆ ವಾಕಿಂಗ್‌ನವರು ಎಷ್ಟೊತ್ತಿಗೆ ಬರ್ತಾರೆ?” ಅವಳು ಕೇಳಿದಳು.

“ಸಂಜೆ ಆರಕ್ಕೆ.”

“ಹಂಗಾದ್ರೆ ಐದೂ ಮುಕ್ಕಾಲಿಗೆ ಕೆರೆ ಗೇಟ್ ಹತ್ರ ಇರು. ಬೆಲ್ ಇದೆಯಲ್ಲ, ಜೋರಾಗಿ ಹೊಡಿ. ಎಲ್ರೂ ತಿರುಗಿ ನೋಡ್ಲಿ.”

ಸುಷ್ಮಾ ಮನೆಯ ದಾರಿ ಹಿಡಿದಳು. ಹೊಟ್ಟೆ ತಾಳ ಹಾಕುತ್ತಿತ್ತು. ದಾರಿಯಲ್ಲಿ ಒಂದು ಛತ್ರಿಯ ಹಿಡಿ ಬಿದ್ದಿತ್ತು, ಅವಳು ಗಮನಿಸಲೇ ಇಲ್ಲ. ಎರಡೂ ಬದಿಯಲ್ಲಿ ನಡೆದು ಹೋಗುವವರನ್ನು ನೋಡುತ್ತ ಪೆಡಲ್ ತುಳಿದಳು, ಯಾರಾದರೂ ತಲೆ ಬಗ್ಗಿಸಿ ಹುಡುಕುತ್ತಿದ್ದಾರಾ ಅಂತ.