ಅತ್ತೆ ಬಿಚ್ಚಿದ ಹೂ

ನಮ್ಮ ಪೊಮುಚ್ ಊರಿನಲ್ಲಿ ಸತ್ತವರ ಹಬ್ಬಕ್ಕೆ ಮೊದಲು, ಸ್ಮಶಾನದ ಗೋಡೆಗೂಡುಗಳಲ್ಲಿ ಪೆಟ್ಟಿಗೆಯೊಳಗಿಟ್ಟ ಮನೆಯವರ ಮೂಳೆಗಳನ್ನು ನಾವೇ ಹೊರತೆಗೆದು ಒರೆಸಿ, ಪೆಟ್ಟಿಗೆಗೆ ಹೊಸ ಕಸೂತಿ ಬಟ್ಟೆ ಹಾಸುತ್ತೇವೆ. ನನ್ನ ಅತ್ತೆ ಫಿಡೆಲಿಯಾ ಬದುಕಿದ್ದಾಗ ನನ್ನ ಕಸೂತಿಯನ್ನೆಲ್ಲ ಸೊಟ್ಟ ಎಂದು ಬಿಚ್ಚಿಹಾಕುತ್ತಿದ್ದರು. ಈ ಸಲ ಪೆಟ್ಟಿಗೆ ತೆರೆದಾಗ, ಹೋದ ವರ್ಷ ನಾನು ಹಾಕಿದ್ದ ಕೆಂಪು ಹೂ ಬಟ್ಟೆಯ ಮೇಲಿರಲಿಲ್ಲ. ಅದರ ದಾರ ಅತ್ತೆಯ ಬೆರಳಿನ ಮೂಳೆಗೆ ಒಪ್ಪವಾಗಿ ಸುತ್ತಿಕೊಂಡಿತ್ತು. ಮುಟ್ಟಿದರೆ ಬೆಚ್ಚಗಿತ್ತು.

“ಇಲಿ ಕಿತ್ತಿರ್ಬೇಕು ಬಿಡೇ,” ಎಂದ ನನ್ನ ಗಂಡ ಕಾಸಿಮಿರೊ.

“ಇಲಿ ದಾರ ಸುತ್ತಿಡತ್ತಾ?”

ತಲೆಬುರುಡೆಯ ಎದುರಿಗೇ ಕೂತು, ಅದೇ ದಾರದಲ್ಲಿ ಅದೇ ಸೊಟ್ಟ ಹೂವನ್ನು ಹೊಸ ಬಟ್ಟೆಗೆ ಹಾಕಿದೆ. “ನೀವು ಬಿಚ್ತಾ ಇರಿ ಅತ್ತೆ, ನಾನು ಹಾಕ್ತಾ ಇರ್ತೀನಿ.”

ಪೆಟ್ಟಿಗೆಯನ್ನು ಗೂಡಿಗೆ ಸೇರಿಸಿ ಸ್ಮಶಾನದ ಬಾಗಿಲ ತನಕವೂ ಬಂದಿರಲಿಲ್ಲ, ಹಿಂದೆ ಟಕ್ಕನೆ ದಾರ ಕಡಿದ ಸದ್ದು ಕೇಳಿತು. ಕಾಸಿಮಿರೊ ಬಾಗಿಲಾಚೆ ಓಡಿದ. ನಾನು ವಾಪಸ್ ಹೋಗಿ ಸೂಜಿ ತೆಗೆದೆ.